ಬೀಗ ಜಗ್ಗುವ ನೃತ್ಯ

"ಯಾವೂರಮ್ಮ ನಿಂದು?"

"ನಾರ್ತ್ ಕೆರೊಲಿನಾ, ಅಂಕಲ್."

"ಅದು ಸರಿ. ಒರಿಜಿನಲಿ?"

"ನಾರ್ತ್ ಕೆರೊಲಿನಾ."

"ಅಲ್ಲಮ್ಮ, ನಿಮ್ಮ ಅಜ್ಜ, ಮುತ್ತಜ್ಜ..."

"ಅದೇ ನದಿ ಪಕ್ಕ. ಅದಕ್ಕೂ ಮುಂಚೆನೂ ಅಲ್ಲೇ."

ಮಗಳು ಅನು ತಟ್ಟೆಯಿಂದ ತಲೆ ಎತ್ತಿದಳು. "ಅಪ್ಪಾ, ಪ್ಲೀಸ್! ಶೀ ಈಸ್ ನೇಟಿವ್ ಅಮೆರಿಕನ್."

ಆ ಹುಡುಗಿಯ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ. (ಆಫೀಸಿನಲ್ಲಿ ಯಾರಾದರೂ ನನಗೆ ಇದೇ 'ಒರಿಜಿನಲಿ' ಎಂದರೆ ಮನೆಗೆ ಬಂದು ಕೂಗಾಡುವ ಗಿರಾಕಿ ನಾನೇ.)

ರೋಂಡಾ ನನ್ನ ಮಗಳ ಕಾಲೇಜಿನವಳು, ಡಾನ್ಸ್‌ನಲ್ಲಿ ಅವಳಿಗೆ ಸೀನಿಯರ್. ಮರುದಿನ ಡಿ.ಸಿ.ಯಲ್ಲಿ ಅವರ ಷೋ. ಇಬ್ಬರೂ ಕೆರೊಲಿನಾದಿಂದ ಡ್ರೈವ್ ಮಾಡಿಕೊಂಡು ಸೆಂಟರ್‌ವಿಲ್‌ನ ನಮ್ಮ ಮನೆಗೆ ಬಂದಿದ್ದರು.

ಪುಣ್ಯಾತ್ಗಿತ್ತಿ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಊರಲ್ಲೂ ಹೊಸಬರು ಸಿಕ್ಕರೆ ಮೊದಲು ಕೇಳುವುದು, "ನೀನು ಯಾರ ಕಡೆಯೋಳು?" ಎಂದೇ ಅಂತೆ. ನಾಳೆಯ ಡಾನ್ಸ್ ಇರುವುದೇ ಅದರ ಮೇಲೆ. ರೋಂಡಾ ಕೇಳುತ್ತಾಳೆ, ಒಬ್ಬೊಬ್ಬ ಡಾನ್ಸರೂ ಮೈಯಲ್ಲೇ ಉತ್ತರ ಹೇಳಬೇಕು.

"ನೀನೇನೇ ಹೇಳ್ತೀಯ?" ಎಂದೆ ಮಗಳಿಗೆ.

"ಗೊತ್ತಿಲ್ಲಪ್ಪ. ನನ್ ಹತ್ರ ಏನೂ ಇಲ್ಲ. ಟರ್ನ್ ಬಂದಾಗ ಜಸ್ಟ್ ಸ್ಟೇಜ್ ಬಿಟ್ಟು ಹೋಗ್ತೀನೇನೋ."

"ಅಷ್ಟು ವರ್ಷ ಭರತನಾಟ್ಯ ಕಲ್ತಿದೀಯ. ಅದನ್ನೇ ಮಾಡು."

"ಅದು ಟೀಚರ್‌ದು. ನಂದಲ್ಲ."

ಆ ರಾತ್ರಿ ನಿದ್ದೆ ಹೇಗೆ ಬರಬೇಕು? ಮಗಳು ಅಷ್ಟು ಜನರೆದುರು 'ನನಗೆ ಯಾರೂ ಇಲ್ಲ' ಎಂದು ಹೊರಟೇ ಹೋದರೆ ಅಪ್ಪ ಅನ್ನಿಸಿಕೊಂಡವನು ಕ್ಯಾಮ್‌ಕಾರ್ಡರ್ ಹಿಡಿದು ಏನು ಮಾಡುವುದು?

ಷೋನಲ್ಲಿ ನಾನು ಕಾದಿದ್ದ, ಸಿನಿಮಾದಲ್ಲಿ ತೋರಿಸುವಂಥ ತಲೆಯ ಗರಿ, ಡೋಲು ಒಂದೂ ಬರಲಿಲ್ಲ. ರೋಂಡಾ ಬರಿಗಾಲು, ಜೀನ್ಸ್. ಮ್ಯೂಸಿಕ್ ಎಂದರೆ ಹೈವೇ ಟ್ರಕ್ಕುಗಳ ಸದ್ದು, ನಡುವೆ ನೆಂಟರ ಹೆಸರು ಹೇಳುತ್ತಾ ಹೋಗುವ ಅವಳ ಅಜ್ಜಿಯ ದನಿ. ಪ್ರತಿ ಹೆಸರಿಗೂ ಇವಳು ಒಬ್ಬೊಬ್ಬರಾಗುತ್ತಾಳೆ: ನೀರಿಂದ ಬಲೆ ಎಳೆಯುವವನು, ಜಗಲಿಯಲ್ಲಿ ಕೂತಿದ್ದು ಯಾರೋ ಬಂದರೆಂದು ಎದ್ದು ಜಾಗ ಬಿಡುವವಳು. "ಇದರಲ್ಲಿ ನೇಟಿವ್ ಎಲ್ಲಿದೆ?" ಎಂದು ಹಿಂದಿನ ಸೀಟಿನವನು ಗೊಣಗಿದ. ತಿರುಗಿ ದುರುಗುಟ್ಟಿಕೊಂಡು ನೋಡಿದೆ. (ನನ್ನ ತಲೆಯಲ್ಲಿದ್ದದ್ದೂ ಅದೇ ಪ್ರಶ್ನೆ.)

ಆಮೇಲೆ ಅನು ಸರದಿ. ರೋಂಡಾ ಕೇಳಿದಳು, "ನೀನು ಯಾರ ಕಡೆಯೋಳು?"

ನಿಂತಳು. ನಿಂತೇ ಇದ್ದಳು. ಹೆಂಡತಿ ಸುಧಾ ನನ್ನ ಕೈ ಹಿಂಡಿದಳು.

ಥಟ್ಟನೆ ಅನು ಎರಡೂ ಕೈ ಎತ್ತಿ ಗಾಳಿಯಲ್ಲಿ ಏನನ್ನೋ ಹಿಡಿದು ಜಗ್ಗಿದಳು. ನಾಲ್ಕು ಹೆಜ್ಜೆ ಹೋದಳು. ಅನುಮಾನ! ವಾಪಸ್ ಬಂದು ಮತ್ತೆ ಜಗ್ಗಿದಳು. ಜೇಬು ಮುಟ್ಟಿ ನೋಡಿಕೊಂಡಳು. ಮತ್ತೆ ಬಂದಳು. ಜನ ಗೊಳ್ಳೆಂದರು.

"ನಿಮ್ಮನ್ನೇ ಆಡ್ಕೊಳ್ತಿದಾಳೆ ಕಣ್ರೀ," ಎಂದಳು ಸುಧಾ.

ಹೌದು. ಹಾಕಿದ ಬಾಗಿಲನ್ನು ಮತ್ತೆ ಮತ್ತೆ ನೋಡುವ ನನ್ನ ಚಟ ನಮ್ಮ ಬೀದಿಗೆಲ್ಲ ಗೊತ್ತು. ಆದರೆ ನಾನು ಒಂದು ಕೈಯಲ್ಲಿ ನಾಬ್ ತಿರುಗಿಸಿ ನೋಡುತ್ತೇನೆ, ಅಷ್ಟೆ. ಹೀಗೆ ಎರಡೂ ಕೈಯಲ್ಲಿ, ಹಿಮ್ಮಡಿ ಎತ್ತಿ, ಬೀಗಕ್ಕೆ ನೇತುಬೀಳುತ್ತಿದ್ದವರು ಮೈಸೂರಿನಲ್ಲಿ ನನ್ನ ಅಪ್ಪ.

ಅವಳು ನಿಲ್ಲಿಸಲೇ ಇಲ್ಲ. ನಗು ನಿಂತುಹೋಯಿತು. ಜಗ್ಗಿದಳು, ಜಗ್ಗಿದಳು, ಆಮೇಲೆ ಎತ್ತ ಹೋಗುವುದೆಂದು ತಿಳಿಯದವಳಂತೆ ಹಿಂತಿರುಗಿ ನೋಡಿದಳು. ಲೈಟ್ ಆರಿತು. ನಾನು ಕ್ಯಾಮ್‌ಕಾರ್ಡರ್ ಆನ್ ಮಾಡಿರಲೇ ಇಲ್ಲ.

ಕಾರಿನಲ್ಲಿ ಕೇಳಿದೆ. "ತಾತ ಅಷ್ಟು ಚೆನ್ನಾಗಿ ನೆನಪಿದಾರೇನೇ?"

"ತಾತ? ನೋ! ಅದು ನೀನು, ಅಪ್ಪಾ."

ಅವಳು ಅವರನ್ನು ನೋಡಿದ್ದು ಒಂದೇ ರಜೆಯಲ್ಲಿ, ಸೊಂಟದ ಮೇಲೆ ಕೂರುವ ವಯಸ್ಸಿನಲ್ಲಿ. ಹಾಗಾದರೆ ಆ ಎರಡನೆಯ ಕೈ ಎಲ್ಲಿಂದ ಬಂತು?

"ಈಗ ಗೊತ್ತಾಯ್ತು ಅಂಕಲ್, ನೀವು ಯಾರ ಕಡೆಯೋರು ಅಂತ," ಎಂದು ಹಿಂದಿನಿಂದ ರೋಂಡಾ ನಕ್ಕಳು. ಖುಷಿಪಡಬೇಕೋ, ಕೋಪ ಮಾಡಿಕೊಳ್ಳಬೇಕೋ ಗೊತ್ತಾಗದೆ ಹೈವೇಯಿಂದ ಇಳಿಯಬೇಕಾದ ಎಕ್ಸಿಟ್ಟನ್ನೇ ದಾಟಿಬಿಟ್ಟೆ.

ಸೋಮವಾರ ಆಫೀಸಿಗೆ ಹೊರಟವನು ಬಾಗಿಲು ಹಾಕಿದೆ. ಎರಡು ಹೆಜ್ಜೆ ಹೋಗಿ ವಾಪಸ್ ಬಂದೆ. ಕೈ ನಾಬ್ ಮೇಲಿತ್ತು, ರೋಂಡಾಳ ಜನ ಕಣ್ಣಮುಂದೆ ಬಂದರು. ಅವರು ಜಗಲಿಯಲ್ಲಿ ಕೂತಿದ್ದಾರೆ, ಬಂದವರಿಗೆ ಜಾಗ ಬಿಡುತ್ತಿದ್ದಾರೆ. ನಮ್ಮವರು?

ಬೀಗ ಜಗ್ಗುವವನು ಯಾವಾಗಲೂ ಬಾಗಿಲ ಹೊರಗೇ ನಿಂತಿರುತ್ತಾನೆ, ಅಲ್ಲವೇ?