ಬುಡು ಅಂದವರು ಯಾರು?

ದೆವ್ವ, ಗಾಳಿ, ಮೈಮೇಲೆ ಬರುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಈಗ ನಂಬುತ್ತೇನೆ ಎಂದು ಹೇಳುವುದಕ್ಕೂ ಇದನ್ನು ಬರೆಯುತ್ತಿಲ್ಲ. ಯಾರಾದರೂ ಇಂಥ ಅನುಭವ ಹೇಳಲು ಬಾಯಿ ತೆರೆದರೆ ಸಾಕು, 'ಎಷ್ಟು ಹೊತ್ತಿನಲ್ಲಿ? ನಿದ್ದೆಗಣ್ಣಲ್ಲಿ ಇದ್ದಿರಾ?' ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ನನಗಾದದ್ದು ರಾತ್ರಿಯಲ್ಲ. ಬಿಸಿಲು ಇನ್ನೂ ಇಳಿಯದ ಮಧ್ಯಾಹ್ನದಲ್ಲಿ, ಮೈಯೆಲ್ಲ ಎಚ್ಚರವಾಗಿದ್ದಾಗ. ಹಾಗಾಗಿ ನನ್ನ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ.

ಬಂಡೆ ಹತ್ತುವುದು ನನ್ನ ಹುಚ್ಚು, ಹೊಟ್ಟೆಪಾಡೂ ಹೌದು. ಮೈಸೂರಿನಲ್ಲಿ ಮಕ್ಕಳಿಗೆ ಕೃತಕ ಗೋಡೆ ಹತ್ತುವುದನ್ನು ಕಲಿಸುತ್ತೇನೆ. ಬೆಟ್ಟದ ಊರೊಂದರಲ್ಲಿ ನೆಲೆ ನಿಲ್ಲಬೇಕು ಎಂದು ಹೊರಟಾಗ ಸಲಹೆಗಳಿಗೇನೂ ಕಮ್ಮಿ ಇರಲಿಲ್ಲ. ಬಾದಾಮಿಗೆ ಹೋಗು ಎಂದರು, ಹಂಪಿ ಎಂದರು, ಮನಾಲಿ ಎಂದರು. ನಾನು ಗುಂಡ್ಲುಪೇಟೆ ಕಡೆ ಎಂದಾಗ ಜೊತೆಯವರು ಬಿದ್ದು ಬಿದ್ದು ನಕ್ಕರು. ಊಟಿಗೆ ಹೋಗುವವರು ಟೀ ಕುಡಿಯಲು ಗಾಡಿ ನಿಲ್ಲಿಸುವ ಊರಲ್ಲಿ ಏನು ಮಾಡ್ತೀಯ ಎಂದರು. ಅಮ್ಮನಂತೂ ಆನೆ, ಹುಲಿ, ಒಂಟಿ ಹೆಂಗಸು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅತ್ತಳು. ಬೇಡ ಅಂದಷ್ಟೂ ನನ್ನ ಹಟ ಗಟ್ಟಿಯಾಗುತ್ತಿತ್ತು. ಬೇಕಾದ್ದೆಲ್ಲ ಇಲ್ಲಿತ್ತು. ಮಳೆ ಕಡಿಮೆ, ಕಲ್ಲು ಒಣಗಿರುತ್ತದೆ, ಬೆಟ್ಟದ ಗಾಳಿ ಸಂಜೆಗೆ ಬರುತ್ತದೆ, ಮೈಸೂರಿಗೆ ಬಸ್ಸು ಯಾವಾಗ ಬೇಕಾದರೂ ಸಿಗುತ್ತದೆ. ಕಾಡಿನೊಳಗಿನ ಬೆಟ್ಟ ಮುಟ್ಟುವಂತಿಲ್ಲ ನಿಜ, ಆದರೆ ಹೊಲಗಳ ನಡುವೆ ಎದ್ದು ನಿಂತ ಬಂಡೆಗಳಿಗೇನೂ ಬರವಿರಲಿಲ್ಲ.

ತೆರಕಣಾಂಬಿಯಲ್ಲಿ ಸಿದ್ದಮ್ಮ ಎಂಬವರ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ಅದಕ್ಕಿಂತ ದೊಡ್ಡ ಅದೃಷ್ಟವೆಂದರೆ, ನಾನು ಕಣ್ಣಿಟ್ಟಿದ್ದ ಬಂಡೆ ಅವರ ಹೊಲದಲ್ಲೇ ಇತ್ತು. ಚೆಂಡುಹೂವಿನ ಸಾಲುಗಳ ಆಚೆ, ನಡುವೆ ಹೊಟ್ಟೆ ಉಬ್ಬಿಸಿಕೊಂಡು ನಿಂತ ಬೂದು ಬಂಡೆ. ಹತ್ತಲು, ಹಗ್ಗ ಸಿಕ್ಕಿಸುವ ಬೋಲ್ಟ್‌ಗಳನ್ನು ಬಂಡೆಗೆ ಹೊಡೆಯಲು ಸಿದ್ದಮ್ಮ ಒಪ್ಪಿದರು. ಒಂದೇ ಒಂದು ಮಾತು ಹೇಳಿದರು.

"ಅದ್ರ ತಾವು ಕೂಗ್ಬೇಡಿ ಕಣವ್ವ. ಆ ಬಂಡೆ ಮಾತು ಕಲ್ತ್ಕತ್ತದೆ."

ತಮಾಷೆ ಎಂದುಕೊಂಡೆ. ಆಮೇಲೆ ನೋಡಿದರೆ ಆ ಹೊಲದಲ್ಲಿ ಯಾರೂ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿರಲಿಲ್ಲ. ಹೂ ಬಿಡಿಸುವ ಹೆಂಗಸರು ಊಟಕ್ಕೆ ಕರೆಯಬೇಕಾದರೆ ಸೆರಗು ಬೀಸುತ್ತಿದ್ದರು, ಗಂಡಸರು ಟವೆಲ್ ಬೀಸುತ್ತಿದ್ದರು. ಬೇರೆ ಹೊಲಕ್ಕೆ ಹೋದರೆ ಇದೇ ಜನ ಗಂಟಲು ಹರಿಯುವಂತೆ ಕೂಗುತ್ತಿದ್ದರು. ನಾನು ಸಿದ್ದಮ್ಮನಿಗೆ ನೇರವಾಗಿಯೇ ಹೇಳಿದೆ: ಹತ್ತುವಾಗ ಕೂಗದೆ ಆಗುವುದಿಲ್ಲ, ಅದು ಜೀವದ ಪ್ರಶ್ನೆ, ಪ್ರತಿಧ್ವನಿಗೆಲ್ಲ ಹೆದರುವವಳಲ್ಲ ನಾನು. ಅವರು ಎಲೆ ಅಡಿಕೆ ಜಗಿಯುತ್ತ ನನ್ನನ್ನು ನೋಡಿದರು. "ನಿನ್ನಿಷ್ಟ. ಏನಾರ ಎಚ್ಚುಕಮ್ಮಿ ಆಯ್ತೋ, ಮನೇನೂ ಖಾಲಿ ಮಾಡ್ಬೇಕು, ಬಂಡೇನೂ ಬುಡ್ಬೇಕು" ಎಂದರು. ಆಗಲಿ ಎಂದೆ.

ನನ್ನ ಹಗ್ಗ ಹಿಡಿಯುತ್ತಿದ್ದವಳು ರುಕ್ಸಾನಾ. ಗುಂಡ್ಲುಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಹರಿದ ಚೀಲ ಹೊಲಿಸಲು ಹೋಗಿ ಪರಿಚಯವಾಗಿ, ಇದೇನು ಹಗ್ಗ, ಇದೇನು ಕೊಕ್ಕೆ ಎಂದು ಕೇಳುತ್ತ ಕೇಳುತ್ತ ನನ್ನ ಜೊತೆಗಾತಿಯೇ ಆಗಿಬಿಟ್ಟಳು. ನಾನು ಹತ್ತುತ್ತ ಹೋದಂತೆ ಅವಳು ಕೆಳಗಿನಿಂದ ಹಗ್ಗ ಬಿಡಬೇಕು. ನಾನು ಬಿದ್ದರೆ ತಡೆದು ಹಿಡಿಯಬೇಕು. ಇದಕ್ಕೆ ಹತ್ತುವವರು ಇಂಗ್ಲಿಷ್ ಪದಗಳನ್ನು ಕೂಗುತ್ತಾರೆ. ರುಕ್ಸಾನಾಗೆ ಅವು ಹಿಡಿಸಲಿಲ್ಲ. "ನಮ್ ಬಾಸೇಲೇ ಕೂಗಕ್ಕ, ಕೈಗೆ ಬ್ಯಾಗ ತಿಳೀತದೆ" ಎಂದಳು. ಹಗ್ಗ ಸಡಿಲಿಸಬೇಕಾದರೆ 'ಬುಡು', ಬಿಗಿಯಬೇಕಾದರೆ 'ಎಳಿ'. ಎರಡೇ ಪದ. ಎರಡೂ ಹತ್ತುವವಳು ಕೂಗಬೇಕಾದವು. ಕೆಳಗಿರುವವಳು ಬಾಯಿ ತೆರೆಯುವಂತಿಲ್ಲ. ಈ ನಿಯಮವನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ.

ಆ ಮಧ್ಯಾಹ್ನ ಬಂಡೆಯ ಉಬ್ಬು ದಾಟಿ ಮೇಲೆ ಹೋಗಿದ್ದೆ. ಅಲ್ಲಿ ಹಲಗೆಯಂಥ ದೊಡ್ಡ ಕಲ್ಲೊಂದು ಬಂಡೆಗೆ ಒತ್ತಿಕೊಂಡು ನಿಂತಿತ್ತು. ಅದನ್ನು ಹಿಂದೆ ಎಷ್ಟೋ ಸಲ ತಟ್ಟಿ ನೋಡಿದ್ದೆ, ಗಟ್ಟಿ ಇತ್ತು. ಎರಡೂ ಕೈಗಳಲ್ಲಿ ಅದರ ಅಂಚು ಹಿಡಿದು ಕಾಲು ಎತ್ತಿಡಬೇಕು, ಆಗ ಕಿವಿಯ ಪಕ್ಕದಲ್ಲೇ ಎನ್ನುವಷ್ಟು ಸ್ಪಷ್ಟವಾಗಿ ರುಕ್ಸಾನಾಳ ದನಿ ಕೇಳಿಸಿತು.

"ಬುಡಕ್ಕ. ಬುಡು."

ಹೆದರಿಸುವ ದನಿಯಲ್ಲ. ಬಿಸಿ ಪಾತ್ರೆ ಹಿಡಿದವರಿಗೆ ಹೇಳುವಂಥ ದನಿ. ಯಾಕೆ ಎಂದು ಯೋಚಿಸುವ ಮೊದಲೇ ನನ್ನ ಎರಡೂ ಕೈ ಕಲ್ಲನ್ನು ಬಿಟ್ಟಿದ್ದವು.

ಬಿದ್ದೆ. ಬಿದ್ದರೆ ಉಬ್ಬಿನ ಮೇಲೆಯೇ ಹಗ್ಗ ತಡೆಯಬೇಕಿತ್ತು. ತಡೆಯಲಿಲ್ಲ. ಉಬ್ಬನ್ನೂ ದಾಟಿ ಕೆಳಗೆ ಹೋಗುತ್ತಲೇ ಇದ್ದೆ. ಮುಗಿಯಿತು ಎಂದುಕೊಂಡೆ. ನೆಲ ಇನ್ನೇನು ತಾಕಬೇಕು ಎನ್ನುವಾಗ ಹಗ್ಗ ಬಿಗಿದು, ಉಬ್ಬಿನ ಅಡಿಯ ನೆರಳಿಗೆ ನನ್ನನ್ನು ತಂದು ಅಪ್ಪಳಿಸಿತು. ಅಷ್ಟರಲ್ಲಿ ಮೇಲೆ ಏನೋ ಕಿತ್ತುಬಂದ ಸದ್ದು. ಆ ಹಲಗೆಗಲ್ಲು ಬಂದು ಉಬ್ಬಿಗೆ ಬಡಿದು, ಹೊರಕ್ಕೆ ಪುಟಿದು, ಚೆಂಡುಹೂವಿನ ಸಾಲಿನ ಮೇಲೆ ಬಿತ್ತು. ನಾವಿಬ್ಬರೂ ಉಬ್ಬಿನ ಅಡಿಯಲ್ಲಿದ್ದೆವು. ಒಂದು ಚೂರೂ ತಾಕಲಿಲ್ಲ.

ರುಕ್ಸಾನಾ ನನ್ನನ್ನು ಇಳಿಸಿ, ನೆಲದ ಮೇಲೆ ಕೂತಳು. ನೀನು ಬುಡು ಅಂದದ್ದು ಒಳ್ಳೆಯದೇ ಆಯಿತು, ಆದರೆ ಅಷ್ಟೊಂದು ಹಗ್ಗ ಯಾಕೆ ಬಿಟ್ಟೆ ಎಂದು ಕೇಳಿದೆ.

"ನಾನೆಲ್ಲಿ ಅಂದೆ? ನೀನೇ ಅಲ್ವಾ ಮೇಲಿಂದ ಬುಡು, ಬುಡು ಅಂತ ಬಡ್ಕಂಡಿದ್ದು! ನಿನ್ ದನಿ ನಂಗೆ ಗೊತ್ತಾಗಕಿಲ್ವಾ? ಅದ್ಕೇ ಬುಟ್ಟೆ."

ನಾನು ಬಾಯಿ ತೆರೆದಿರಲೇ ಇಲ್ಲ. ಅವಳೂ ತೆರೆದಿರಲಿಲ್ಲ. ಅವಳು ಅಲ್ಲಾನ ಮೇಲೆ ಆಣೆ ಇಟ್ಟಳು, ನಾನು ಅಮ್ಮನ ಮೇಲೆ ಇಟ್ಟೆ. ಆಣೆಗೀಣೆಗಳನ್ನು ಗೇಲಿ ಮಾಡುತ್ತಿದ್ದವಳು ನಾನು.

ಕಲ್ಲು ಬಿದ್ದ ಸದ್ದಿಗೆ ಸಿದ್ದಮ್ಮ ಓಡಿ ಬಂದರು. ಮುಚ್ಚಿಟ್ಟು ಇರುವುದು ನನ್ನ ಜಾಯಮಾನವಲ್ಲ. ಮನೆ ಹೋದರೆ ಹೋಗಲಿ ಎಂದು ನಡೆದದ್ದನ್ನೆಲ್ಲ ಹೇಳಿದೆ. ನಾನು ಕೇಳಿದ್ದು ಅವಳ ದನಿ, ಅವಳು ಕೇಳಿದ್ದು ನನ್ನ ದನಿ, ಮಾತು ಒಂದೇ ಎಂದೆ. ಅವರು ಬಂಡೆಯನ್ನು ನೋಡಿದರು, ಬಿದ್ದ ಕಲ್ಲನ್ನು ನೋಡಿದರು, ಹಾಳಾದ ಹೂವಿನ ಸಾಲನ್ನೂ ನೋಡಿದರು. ಮನೆ ಖಾಲಿ ಮಾಡು ಎನ್ನುವ ಮಾತಿಗೆ ಕಾಯುತ್ತಿದ್ದೆ. ನಿಜ ಹೇಳುತ್ತೇನೆ, ಬೀಳುವಾಗ ಆಗದ ಹೆದರಿಕೆ ಆಗ ಆಯಿತು. ಬೇರೆ ಊರನ್ನು ಹುಡುಕುವ ಶಕ್ತಿ ನನ್ನಲ್ಲಿರಲಿಲ್ಲ.

"ಅದು ಒಳ್ಳೇದ್ಕೆ ಅಂದದ್ದೋ ಕೆಟ್ಟದ್ಕೆ ಅಂದದ್ದೋ ತಿಳೀದೆ ನಾನ್ಯಾಕ್ ನಡುವೆ ಬಾಯಾಕ್ಲಿ? ಇರು" ಎಂದರು. ಅಷ್ಟೇ. ನಿಧಾನಕ್ಕೆ ಹೂವಿನ ಸಾಲಿನ ಕಡೆ ಹೋದರು.

ಮೈಸೂರಿನ ಸ್ನೇಹಿತರು ನನ್ನ ತಲೆಗೆ ಬಿಸಿಲು ಹತ್ತಿತ್ತು ಎನ್ನುತ್ತಾರೆ. ಹಾಗಾದರೆ ರುಕ್ಸಾನಾಳ ತಲೆಗೂ ಅದೇ ಗಳಿಗೆಯಲ್ಲಿ, ನೆರಳಿನಲ್ಲಿ ನಿಂತಿದ್ದಾಗ, ಅದೇ ಪದದ ಬಿಸಿಲು ಹತ್ತಿತೇ? ಪ್ರತಿಧ್ವನಿ ಎನ್ನುತ್ತಾರೆ. ಯಾರೂ ಆಡದ ಮಾತು ಪ್ರತಿಧ್ವನಿಸುವುದು ಹೇಗೆ ಎಂದು ಅವರೇ ಹೇಳಲಿ. ನಾನು ಕಲ್ಲನ್ನು ಹಿಡಿದೇ ಇದ್ದಿದ್ದರೆ ಅದರ ಜೊತೆಗೇ ಬರುತ್ತಿದ್ದೆ. ರುಕ್ಸಾನಾ ಹಗ್ಗ ಬಿಡದೆ ಇದ್ದಿದ್ದರೆ ಕಲ್ಲು ನನ್ನ ತಲೆಯ ಮೇಲೆಯೇ ಬೀಳುತ್ತಿತ್ತು. ಇನ್ನೊಂದು ಮಾರು ಬಿಟ್ಟಿದ್ದರೆ ನೆಲಕ್ಕೆ ಬಿದ್ದು ಸಾಯುತ್ತಿದ್ದೆ. ಕಲ್ಲನ್ನು ಬಿಡು ಎಂದು ನನಗೆ ಹೇಳಿತೋ, ಇವಳನ್ನು ಬಿಟ್ಟುಬಿಡು ಎಂದು ಅವಳಿಗೆ ಹೇಳಿತೋ, ಇವತ್ತಿಗೂ ನನಗೆ ತಿಳಿದಿಲ್ಲ.

ರುಕ್ಸಾನಾ ತುಂಬ ದಿನ ಈ ಕಡೆ ಸುಳಿಯಲಿಲ್ಲ. ಒಂದು ದಿನ ತಾನಾಗಿಯೇ ಬಸ್ಸಿಳಿದು ಬಂದು, ಹಗ್ಗ ಎಲ್ಲಿ ಎಂದು ಕೇಳಿದಳು. ಅದೇ ಬಂಡೆಯನ್ನು, ಅದೇ ದಾರಿಯಲ್ಲಿ ಮತ್ತೆ ಹತ್ತಿದೆ. ಈಗಲೂ ಹತ್ತುತ್ತೇನೆ. ಈ ಊರು ಬಿಡು ಎಂದವರು ಎಷ್ಟೋ ಜನ, ಯಾರ ಮಾತಿಗೂ ನಾನು ಸೊಪ್ಪು ಹಾಕಿಲ್ಲ. ಬದುಕಿನಲ್ಲಿ ಇನ್ನೊಬ್ಬರು ಬಿಡು ಎಂದದ್ದಕ್ಕೆ ನಾನು ಕೈಬಿಟ್ಟದ್ದು ಆ ಒಂದೇ ಸಲ. ಹಾಗೆ ಅಂದವರು ಯಾರು ಎಂದು ಗೊತ್ತಾಗುವ ತನಕ ನಾನು ಇಲ್ಲಿಂದ ಕದಲುವ ಮಾತೇ ಇಲ್ಲ.