ಆಳಿಲ್ಲದೆ ಹೋದ ಬುತ್ತಿ

ಸತ್ತವರು ಸುಳಿವು ಕೊಡುತ್ತಾರೆಂದು ಯಾರಾದರೂ ಹೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಈ ಘಟನೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು. ತಿದ್ದಲಾರದಷ್ಟನ್ನು ಮಾತ್ರ ಬರೆಯಲು ನೋಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಬಾಡಿಗೆಗೆ ಖೋಲಿ ಹಿಡಿದು ಅಲ್ಲಿಯೇ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಖಾನಾಪುರದ ಅಕ್ಕ ದಿನಾ ಮುಂಜಾನೆ ಬಸ್ಸಿಗೆ ನನ್ನ ಬುತ್ತಿ ಇಡುತ್ತಿದ್ದಳು. ಡಬ್ಬಿಯ ಜೊತೆ ಯಾರೂ ಬರುತ್ತಿರಲಿಲ್ಲ. ಅದು ಕಂಡಕ್ಟರನ ಸೀಟಿನ ಕೆಳಗೆ ಕೂತು ಬರುತ್ತಿತ್ತು, ನಾನು ಇಳಿಸಿಕೊಳ್ಳುತ್ತಿದ್ದೆ. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ. ಬರಿದು ಕಳಿಸಬಾರದೆಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಿದ್ದೆ.

ಒಂದು ಭಾನುವಾರ ಅವಳ ಮನೆಯಲ್ಲಿದ್ದಾಗ ರೇಡಿಯೋದಲ್ಲಿ ಸುದ್ದಿ ಬಂತು. ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರಿಗೆ ರಷ್ಯಾದವರು ಊಟ, ನೀರು, ಇಂಧನ ತುಂಬಿದ ನೌಕೆ ಕಳಿಸಿದ್ದಾರೆ, ಒಳಗೆ ಮನುಷ್ಯರಿಲ್ಲ, ತಾನಾಗಿ ಹೋಗಿ ನಿಲ್ದಾಣಕ್ಕೆ ಕೂಡಿಕೊಂಡಿದೆ.

“ಅಂದ್ರ ನನ್ನ ಬುತ್ತಿ ಇದ್ದಂಗ,” ಎಂದಳು ಅಕ್ಕ. “ಕಂಡಕ್ಟರ್ ಯಾರೋ?”

“ಕಂಡಕ್ಟರೂ ಇಲ್ಲ.”

“ಛಲೋ ಆತು. ಹಾದ್ಯಾಗ ಡಬ್ಬಿ ಮೂಸಾಂವ ಇಲ್ಲ. ತಿರುಗಿ ಏನ ಹಾಕಿ ಕಳಸ್ತಾರ?”

ಕಸ ತುಂಬಿ ಬಿಟ್ಟುಬಿಡುತ್ತಾರೆ, ಕೆಳಗೆ ಬರುವಾಗ ಗಾಳಿಯಲ್ಲೇ ಸುಟ್ಟುಹೋಗುತ್ತದೆ ಎಂದೆ. ಅವಳ ನಗು ನಿಂತಿತು.

“ಅನ್ನ ತಂದ ಡಬ್ಬಿಗೆ ಕಸಾ? ಅವರಿಗೆ ಅಕ್ಕ-ತಂಗೇರು ಇಲ್ಲೇನೋ ತಮ್ಮಾ?”

ಮುಂದಿನ ಮಳೆಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಕಾರ್ಯ ಮುಗಿದ ಮೇಲೆ ಭಾವ ಮನೆಗೆ ಕೀಲಿ ಹಾಕಿ ನಂದಗಡಕ್ಕೆ, ತಮ್ಮನ ಹತ್ತಿರ ಹೋದರು. ಕೊನೆಯ ಡಬ್ಬಿ ನನ್ನ ಖೋಲಿಯಲ್ಲೇ ಉಳಿದಿತ್ತು.

ಅದನ್ನು ನೋಡುತ್ತ ಇರಲಾಗಲಿಲ್ಲ. ಒಂದು ಸಂಜೆ ಅವಳಿಗೆ ಸೇರುತ್ತಿದ್ದ ಸಿಹಿ ಕುಂದಾ ತುಂಬಿ, ಅರಿವೆ ಕಟ್ಟಿ, ಖಾನಾಪುರದ ಬಸ್ಸಿಗಿಟ್ಟೆ. ಕಂಡಕ್ಟರ ಹೊಸಬ.

“ಯಾರ ಇಳಿಸ್ಕೊಂತಾರ್ರಿ ಇದನ್ನ?”

“ಬರ್ತಾರ,” ಎಂದೆ. ಜನರಿಲ್ಲದ ನಿಲ್ದಾಣಕ್ಕೆ ಸಾಮಾನು ಕಳಿಸುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಮರುದಿನ ಮುಂಜಾನೆ ಕಾಲು ತಾವಾಗಿ ಬಸ್ ನಿಲ್ದಾಣಕ್ಕೆ ನಡೆದವು. ಅದೇ ಕಂಡಕ್ಟರ ಡಬ್ಬಿ ಚಾಚಿದ. “ತಗೋರಿ. ಹುಷಾರ್ರಿ, ಸುಡಾಕತ್ತೈತಿ.”

ಯಾರು ಕೊಟ್ಟರೆಂದು ಕೇಳಿದೆ.

“ಗದ್ದಲದಾಗ ಮಾರಿ ನೋಡ್ಲಿಲ್ರಿ. ಹೆಣ್ಮಗಳು ಇರಬೇಕ. ಬಳಿ ಸಪ್ಪಳ ಕೇಳಿಸ್ತು.”

ಒಳಗೆ ರೊಟ್ಟಿ, ಬದನೆಕಾಯಿ ಪಲ್ಯ. ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ ಇರಲಿಲ್ಲ. ನನಗೆ ಬೆಳ್ಳುಳ್ಳಿ ಆಗದೆಂದು ನೆನಪಿಟ್ಟವಳು ಅಕ್ಕ ಒಬ್ಬಳೇ. ಕೂತು ಉಂಡೆ. ರುಚಿ ಹೇಗಿತ್ತೋ ನೆನಪಿಲ್ಲ; ಎಷ್ಟೆಲ್ಲ ಕಟ್ಟಿಕೊಡುವ ನೆನಪು ಅದೊಂದನ್ನು ಕಟ್ಟಿಕೊಡಲಿಲ್ಲ.

ಖಾನಾಪುರದ ಯಾರೋ ತಾಯಿ ಕುಂದಾ ತೆಗೆದುಕೊಂಡು, ಡಬ್ಬಿ ಬರಿದು ಕಳಿಸಬಾರದೆಂದು ತುಂಬಿದ್ದಾಳು. ಆ ದಿನ ಅವಳ ಮನೆಯಲ್ಲಿ ಬೆಳ್ಳುಳ್ಳಿ ತೀರಿದ್ದೀತು. ಹೋಗಿ ವಿಚಾರಿಸಿದೆ, ಯಾರೂ ತಾವೇ ಕೊಟ್ಟದ್ದು ಎನ್ನಲಿಲ್ಲ. ಭಾವನಿಗೆ ಹೇಳಿದಾಗ ಅವರು ಅತ್ತರು, ಅಷ್ಟೇ.

ಮತ್ತೆ ನಾನು ಡಬ್ಬಿ ಕಳಿಸಲಿಲ್ಲ. ಕಳಿಸಿ, ಅದು ಮರಳದಿದ್ದರೆ ಅಕ್ಕನನ್ನು ಎರಡನೆಯ ಸಲ ಮಣ್ಣಿಗಿಟ್ಟಂತೆ ಎಂದು ಹೆದರಿದೆ. ಆದರೆ ಖಾನಾಪುರದಲ್ಲಿ ಸಂಜೆಯ ಬಸ್ಸು ನಿಂತಾಗ ಯಾರೋ ಒಬ್ಬಳು ಬಗ್ಗಿ ಸೀಟಿನ ಕೆಳಗೆ ನೋಡಿ, ಬರಿಗೈಲಿ ಮನೆಗೆ ತಿರುಗಿದಳೇ? ಎಷ್ಟು ಸಂಜೆ ಹಾಗೆ ಬಂದು ಹೋದಳು? ನನಗೆ ತಿಳಿಯದು.