ಭೋಜಣ್ಣನ ಬೇಟೆಚೀಲ

ಭೋಜಣ್ಣನ ನಗುವನ್ನು ನೋಡಿ ಅವರು ಎಷ್ಟು ಭಾರ ಹೊತ್ತಿದ್ದಾರೆಂದು ಹೇಳಬಹುದಿತ್ತು. ಬರಿಗೈಯಲ್ಲಿ ಬಂದರೆ ಮುಖ ಗಂಟು. ಕೈಯಲ್ಲಿ ತರಕಾರಿಯ ಕಟ್ಟಿದ್ದರೆ ತುಟಿ ಸ್ವಲ್ಪ ಸಡಿಲ. ಅಕ್ಕಿಮೂಟೆಯನ್ನು ಹೆಗಲಿಗೇರಿಸಿ ಬಹರೈನಿನ ಗುಫೂಲ್ ಬಡಾವಣೆಯ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಮಾತ್ರ ಇದ್ದಬದ್ದ ಹಲ್ಲೆಲ್ಲ ಹೊರಗೆ. ಆಗ ಎದುರು ಸಿಕ್ಕಿದರೆ ಮದುವೆ ಊಟ ಮುಗಿಸಿ ಬಂದವರ ಹಾಗೆ ಕಾಣುತ್ತಿದ್ದರು. ಇದೆಂಥ ಮನುಷ್ಯನಪ್ಪ ಎಂದು ನನಗೆ ಮೊದಮೊದಲು ಗೊಂದಲ. ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ.

"ಮುಖ ಸಣ್ಣ ಮಾಡಿದ್ರೆ ಭಾರ ಜಾಸ್ತಿ ಕಾಣ್ತದೆ ಅಕ್ಕ. ಹೊರುವವನಿಗೂ ಕಷ್ಟ, ನೋಡುವವರಿಗೂ ಕಷ್ಟ" ಅಂದರು.

ಹಾಗಾದರೆ ಭಾರವಿಲ್ಲದಾಗ ಯಾಕೆ ಆ ಗಂಟುಮುಖ ಎಂದು ಕೇಳಿದೆ. ಸುಮ್ಮನೆ ತಲೆ ಕೆರೆದುಕೊಂಡರು.

ಎಂಬತ್ತರ ದಶಕದ ಮೊದಲ ವರ್ಷಗಳವು. ನನ್ನ ಗಂಡ ಮನಾಮಾದ ಒಂದು ಕಚೇರಿಯಲ್ಲಿ ಗುಮಾಸ್ತರು. ನಾವು ಎರಡನೇ ಮಾಳಿಗೆಯಲ್ಲಿದ್ದೆವು. ಭೋಜಣ್ಣ ತಾರಸಿಯ ಕೋಣೆಯಲ್ಲಿ ನಮ್ಮ ಕರಾವಳಿಯವರೇ ಆದ ಇನ್ನು ಕೆಲವರೊಂದಿಗೆ ಇದ್ದರು. ಒಬ್ಬ ಗುತ್ತಿಗೆದಾರನ ಬಸ್ಸಿನಲ್ಲಿ ಡ್ರೈವರು. ಬೆಳಿಗ್ಗೆ ಅಸ್ಕರ್ ಕಡೆಯ ಕಾರ್ಖಾನೆಗೆ ಜನರನ್ನು ಬಿಡುವುದು, ಸಂಜೆ ತರುವುದು. ಊರು ಮಲ್ಪೆ. ಮನೆಮಾತು ತುಳು. ನಾನು ಹೊನ್ನಾವರದ ಕಡೆಯವಳು, ನನ್ನ ತುಳು ಕೇಳಿದರೆ ಅವರಿಗೆ ಕಿವಿನೋವು, ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ. ನನಗಿಂತ ದೊಡ್ಡವರಾದರೂ ನಾನು ಅವರಿಗೆ ಅಕ್ಕ, ಅವರು ನನಗೆ ಭೋಜಣ್ಣ.

ಅವರಿಗೆ ಎರಡು ವರ್ಷಕ್ಕೊಮ್ಮೆ ರಜೆ. ಊರಲ್ಲಿ ಇಬ್ಬರು ಹೆಣ್ಣುಮಕ್ಕಳು. ರಜೆ ಹತ್ತಿರ ಬಂತೆಂದರೆ ಅವರ ಮಂಡೆಬಿಸಿ ಶುರು. ಮಕ್ಕಳು ಈಗ ಎಷ್ಟೆತ್ತರ ಇರಬಹುದು? ನನ್ನ ಮಗಳನ್ನು ಗೋಡೆಗೆ ನಿಲ್ಲಿಸಿ, ಇಷ್ಟಿರಬಹುದಾ, ಇಲ್ಲ ಇಷ್ಟಾ ಎಂದು ಅವಳ ತಲೆಯ ಮೇಲೆ ಗಾಳಿಯಲ್ಲಿ ಕೈ ಹಿಡಿಯುತ್ತಿದ್ದರು. ಕೈ ಒಂದೊಂದು ಸಲ ಒಂದೊಂದು ಎತ್ತರದಲ್ಲಿ ನಿಲ್ಲುತ್ತಿತ್ತು. ಕೊನೆಗೆ ಎರಡು ಅಳತೆ ದೊಡ್ಡ ಫ್ರಾಕು ಆರಿಸಿ, "ದೊಡ್ಡದೇ ಇರ್ಲಿ ಅಕ್ಕ, ಬೆಳೀತಾರೆ" ಎನ್ನುತ್ತಿದ್ದರು. ಗಲ್ಫಿನಲ್ಲಿದ್ದ ನಮ್ಮ ಗಂಡಸರೆಲ್ಲ ಹಾಗೆಯೇ, ಕಾಣದ ಮಕ್ಕಳಿಗೆ ಅಂದಾಜಿನ ಬಟ್ಟೆ. ಆದರೆ ಭೋಜಣ್ಣ ಹೆಂಡತಿಯ ಚಪ್ಪಲಿಯನ್ನೂ ತಮ್ಮನ ಅಂಗಿಯನ್ನೂ ಒಂದಳತೆ ದೊಡ್ಡದೇ ಕೊಳ್ಳುತ್ತಿದ್ದರು. ಅವರೂ ಬೆಳೆಯುತ್ತಾರಾ ಎಂದು ನಾನು ಕುಟುಕಿದರೆ, ಇರಲಿ ಬಿಡಿ, ಸಣ್ಣದಾದರೆ ಏನು ಮಾಡಲಿಕ್ಕಾಗುತ್ತದೆ ಎಂಬ ಉತ್ತರ.

ಆ ವರ್ಷ ರಜೆಗೆ ಮೊದಲು, ಊರಿಂದ ಬಂದವರೊಬ್ಬರ ಬಾಯಲ್ಲಿ ತಮ್ಮ ಜಯನ ಸುದ್ದಿ ಬಂತು. ಜಯ ಮೀನುಗಾರ. ದೋಣಿಯ ಹಿಂದೆ ಕಟ್ಟುವ ಅವನ ಮೋಟರು ಅಳಿವೆಯ ಬಂಡೆಗೆ ಬಡಿದು, ನೀರಿನೊಳಗಿರುವ ತುದಿ, ಗಿಯರ್ ಕೂತಿರುವ ಭಾಗ, ಬಿರುಕು ಬಿಟ್ಟಿತ್ತು. ಅದಕ್ಕೆ ಭೋಜಣ್ಣ ಮೋಟರಿನ ಪಾದ ಎನ್ನುತ್ತಿದ್ದರು. ಊರಲ್ಲಿ ಅದು ಸಿಗುತ್ತಿಲ್ಲ. ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮುಗಿದು ಕಡಲಿಗೆ ಇಳಿಯುವಷ್ಟರಲ್ಲಿ ಹೊಸ ಪಾದ ಬರಲೇಬೇಕು. ಬಾರದಿದ್ದರೆ ಜಯನ ಜೊತೆ ಹೋಗುವ ಜನ ಬೇರೆ ದೋಣಿ ಹತ್ತುತ್ತಾರೆ. ಜನ ಬಿಟ್ಟುಹೋದ ದೋಣಿ ದಡದಲ್ಲೇ ಕೂತಿರಬೇಕಾಗುತ್ತದೆ.

ಪಾದವನ್ನು ಭೋಜಣ್ಣ ಒಂದು ಚಾ ಕುಡಿಯುವಷ್ಟು ಹೊತ್ತಿನಲ್ಲಿ ಕೊಂಡು ತಂದರು. ಅಂಗಡಿಯಲ್ಲಿ ಸಣ್ಣದೂ ಇತ್ತಂತೆ, ದೊಡ್ಡದೂ ಇತ್ತಂತೆ. ಇವರು ದೊಡ್ಡದನ್ನು ಹೊತ್ತು ನಗುತ್ತ ಬಂದಿದ್ದರು. ನಾವೂ ತಟ್ಟಿ ನೋಡಿ ಒಳ್ಳೆ ಗಟ್ಟಿಮುಟ್ಟಾಗಿದೆ ಅಂದೆವು. ತುಂಬಿದ ಕೊಡಪಾನದಷ್ಟು ಭಾರವಿತ್ತು. ಅದನ್ನು ಸ್ನಾನದ ಟವೆಲಿನಲ್ಲಿ ಸುತ್ತಿಟ್ಟುಕೊಂಡರು.

ಗೊಂದಲವೆಲ್ಲ ಶುರುವಾದದ್ದು ಅದನ್ನು ಒಯ್ಯುವುದು ಹೇಗೆ ಎಂಬಲ್ಲಿ. ಊರಿಗೆ ಹೊರಟವರ ಕೈಯಲ್ಲಿ ಎಲ್ಲರೂ ಒಂದೊಂದು ಕಟ್ಟು ಕೊಡುವುದು ನಮ್ಮಲ್ಲಿ ರೂಢಿ. ಹಾಲುಪುಡಿ ಡಬ್ಬಿ, ಟಾರ್ಚು, ಸೀರೆ, ಗೋಡೆ ಗಡಿಯಾರ. ಬೇರೆಯವರು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಭೋಜಣ್ಣ ಮಾತ್ರ ಬಾಗಿಲಿಗೆ ಬಂದು ನಿಮ್ಮದು ಎಂಥದೂ ಇಲ್ಲವಾ ಎಂದು ಕೇಳುವವರು. ಇಲ್ಲ ಎಂದರೆ ಅವರ ಮೋರೆ ನೋಡಲಾಗುತ್ತಿರಲಿಲ್ಲ. ಹೀಗೆ ಅವರ ಪೆಟ್ಟಿಗೆ ಊರವರ ಕಟ್ಟುಗಳಿಂದಲೇ ತುಂಬಿಹೋಗಿತ್ತು. ಅದೂ ಅಲ್ಲದೆ, ಪೆಟ್ಟಿಗೆ ಬೊಂಬಾಯಿಯಲ್ಲಿ ತಪ್ಪಿದರೆ ಕಡಲು ಕಾಯುತ್ತದಾ ಎಂಬುದು ಅವರ ಪ್ರಶ್ನೆ. ಪಾದ ಮೈಮೇಲೆಯೇ ಹೋಗಬೇಕು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ತೂಗುತ್ತಿದ್ದರು, ಕೈಚೀಲವನ್ನು ಕಣ್ಣಲ್ಲಿ ನೋಡಿ ಬಿಡುತ್ತಿದ್ದರು. ಆದ್ದರಿಂದ ಬೇಕಾದದ್ದು ನೋಡಲಿಕ್ಕೆ ಸಣ್ಣದಿದ್ದು, ಭಾರಕ್ಕೆ ಹರಿಯದ ಚೀಲ. ಜನ್ಮದಲ್ಲಿ ಎಲ್ಲವನ್ನೂ ದೊಡ್ಡದೇ ಕೊಂಡ ಮನುಷ್ಯ ಸಣ್ಣದೊಂದನ್ನು ಹುಡುಕಲು ಹೊರಟಿದ್ದು ಅದೇ ಮೊದಲು.

ವಾರದ ರಜೆಯ ಶುಕ್ರವಾರ ಬಂತೆಂದರೆ ನನ್ನನ್ನೂ ನನ್ನ ಗಂಡನನ್ನೂ ಎಬ್ಬಿಸಿಕೊಂಡು ಸೂಕಿಗೆ, ಅಂದರೆ ಅಲ್ಲಿಯ ಪೇಟೆಗೆ, ಹೊರಡುವುದು. ಆಗಸ್ಟಿನ ಸೆಖೆ, ಸೀರೆ ಬೆನ್ನಿಗೆ ಅಂಟುತ್ತಿತ್ತು, ನನಗೆ ಸಿಟ್ಟು. ಟವೆಲಿನ ಗಂಟನ್ನು ಎದೆಗವಚಿಕೊಂಡು ಅವರು ಮುಂದೆ ನಡೆದರೆ ಹಸುಗೂಸೆಂದು ತಿಳಿದು ಜನ ದಾರಿ ಬಿಡುತ್ತಿದ್ದರು. ಅಂಗಡಿಗೆ ಹೋದವರೇ ಗಂಟನ್ನು ಚೀಲಕ್ಕೆ ಇಳಿಸಿ, ಬೆನ್ನಿಗೇರಿಸಿ, ಗಲ್ಲಿಯ ತುದಿಯವರೆಗೆ ನಡೆದು ಬರುವರು. ಒಂದಕ್ಕೆ ತುಂಬ ಜೇಬುಗಳಿದ್ದವು, ಹೆಗಲಪಟ್ಟಿಯ ಹೊಲಿಗೆ ಮಾತ್ರ ಗಲ್ಲಿ ಮುಗಿಯುವ ಮೊದಲೇ ಬಿಚ್ಚಿತು. ಇನ್ನೊಂದರಲ್ಲಿ ಕಬ್ಬಿಣದ ಚೌಕಟ್ಟಿತ್ತು. ಭಾರ ತಡೆಯಿತು, ಆದರೆ ಹಿಂದಿನಿಂದ ನೋಡಿದರೆ ಬೆನ್ನ ಮೇಲೆ ಕಪಾಟು ಇಟ್ಟ ಹಾಗಿತ್ತು. ಮತ್ತೊಂದರಲ್ಲಿ ಪಾದದ ಮೂಲೆ ಸೊಂಟಕ್ಕೆ ಚುಚ್ಚಿ ಅವರ ನಗು ಅಳುವಿನ ಹಾಗಾಯಿತು. ನಮ್ಮವರು ದೊಡ್ಡದು ತೆಗೆದುಕೊಳ್ಳಿ ಎಂದರೆ ನಾನು ಸಣ್ಣದು ಎನ್ನುತ್ತಿದ್ದೆ. ಅಂಗಡಿಯವರು ಚರ್ಮದ್ದು ಎಂದರೆ ಭೋಜಣ್ಣ ಹೌದಾ ಎನ್ನುತ್ತಿದ್ದರು. ಪ್ರತಿಸಲವೂ ಏನೂ ಕೊಳ್ಳದೆ, ಬಂದದ್ದಕ್ಕಿಂತ ಹೆಚ್ಚು ತಲೆಕೆಡಿಸಿಕೊಂಡು ವಾಪಸಾಗುತ್ತಿದ್ದೆವು.

ಕೊನೆಗೆ ಹಿಂದಿನ ಗಲ್ಲಿಯೊಂದರಲ್ಲಿ ಗಿಡುಗ ಸಾಕಿ ಅದರಿಂದ ಬೇಟೆಯಾಡುವವರಿಗೆ ಸಾಮಾನು ಮಾರುವ ಅಂಗಡಿ ಸಿಕ್ಕಿತು. ಗಿಡುಗನ ಕಣ್ಣಿಗೆ ಹಾಕುವ ಚರ್ಮದ ಟೊಪ್ಪಿ, ದಪ್ಪ ಕೈಗವಸು, ನೀರಿನ ಬುರುಡೆ ಎಲ್ಲ ತೂಗುಹಾಕಿದ್ದರು. ಬೇಟೆ ಚಳಿಗಾಲದ ಸಂಗತಿ, ಆಗಸ್ಟಿನಲ್ಲಿ ಗಿರಾಕಿಗಳಿಲ್ಲ. ಅಂಗಡಿಯ ಮುದುಕ ಹಾಜಿಗೆ ನಮ್ಮನ್ನು ಕಂಡು ಖುಷಿಯೇ ಆಯಿತು. ಯಾವ ಶಿಕಾರಿಗೆ ಚೀಲ ಎಂದು ಹಿಂದಿಯಲ್ಲಿ ಕೇಳಿದರು. ಭೋಜಣ್ಣ ಪ್ರಾಮಾಣಿಕವಾಗಿ, ಮೀನಿಗೆ ಎಂದರು. ಹಾಜಿ ನಮ್ಮವರ ಮುಖ ನೋಡಿದರು, ನಮ್ಮವರು ನನ್ನ ಮುಖ ನೋಡಿದರು. ಟವೆಲು ಬಿಚ್ಚಿ ತೋರಿಸಿದ ಮೇಲೆ ಹಾಜಿಯ ಗೊಂದಲ ಇನ್ನೂ ಹೆಚ್ಚಿತು. ದೋಣಿ ಎಲ್ಲಿದೆ ಎಂದರೆ ಹಿಂದೂಸ್ಥಾನದಲ್ಲಿ ಎಂಬ ಉತ್ತರ. ಮುದುಕ ಬಿದ್ದು ಬಿದ್ದು ನಕ್ಕು ನಮಗೆಲ್ಲ ಚಾ ತರಿಸಿದರು.

ಆಮೇಲೆ ಅಟ್ಟದಿಂದ ಒಂದು ಹಸಿರು ಕ್ಯಾನ್ವಾಸಿನ ಚೀಲ ಇಳಿಸಿದರು. ಬೆನ್ನಿಗೆ ಚಪ್ಪಟೆಯಾಗಿ ಒರಗುವ ಗಟ್ಟಿ ಹಲಗೆ, ಅಗಲವಾದ ಹೆಗಲಪಟ್ಟಿ, ಸೊಂಟಕ್ಕೆ ಬಿಗಿಯುವ ಬೆಲ್ಟು, ಎರಡು ಬದಿಯಲ್ಲೂ ಎಳೆದರೆ ಚೀಲವನ್ನು ಚಿಕ್ಕದಾಗಿಸುವ ಪಟ್ಟಿಗಳು. ಬೇಟೆಗಾರ ಹೋಗುವಾಗ ಅದರಲ್ಲಿ ರೊಟ್ಟಿ, ನೀರು ಅಷ್ಟೇ ಇರುತ್ತದೆ, ಬರುವಾಗ ಜಿಂಕೆಯ ತೊಡೆ ಬರಬೇಕು, ಅದಕ್ಕೇ ಹೀಗೆ ಹೊಲಿದಿದ್ದಾರೆ ಎಂದು ವಿವರಿಸಿದರು. ಪಾದವನ್ನು ಬೆನ್ನಿಗೆ ತಾಗಿಸಿ, ತುಸು ಮೇಲಕ್ಕೆ ಕೂರಿಸಿ, ಸುತ್ತ ಟವೆಲು ತುರುಕಿ, ಮೊದಲು ಸೊಂಟದ ಬೆಲ್ಟು ಬಿಗಿದು ಆಮೇಲೆ ಹೆಗಲಿನದ್ದು ಬಿಗಿದರು. ಭಾರ ಸೊಂಟದ ಮೇಲೆ ಕೂತಿತು. ಭೋಜಣ್ಣ ಗಲ್ಲಿಯ ತುದಿಗೆ ಹೋಗಿ ಬಂದರು. ಹೊಲಿಗೆ ಕಿರ್ ಎನ್ನಲಿಲ್ಲ. ಎದುರಿನಿಂದ ನೋಡಿದರೆ ಚೀಲವಿದೆಯೆಂದೇ ಗೊತ್ತಾಗುತ್ತಿರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಹಾಜಿ ಬಾಯಿ ತಪ್ಪಿ ಇದೇ ಥರದ್ದು ಇನ್ನೊಂದು ಅಳತೆ ದೊಡ್ಡದಿದೆ ಎಂದುಬಿಟ್ಟರು. ಭೋಜಣ್ಣನ ಕೈ ಅಭ್ಯಾಸದಂತೆ ಆ ಕಡೆಗೆ ಹೋಯಿತು. ಒಮ್ಮೆ ಇದನ್ನು ಮುಟ್ಟುವರು, ಒಮ್ಮೆ ಅದನ್ನು. ನನಗೆ ತಾಳ್ಮೆ ತಪ್ಪಿತು.

"ಚೀಲ ಬೆಳೆಯುವುದಿಲ್ಲ ಭೋಜಣ್ಣ, ಸಣ್ಣದೇ ತಗೊಳ್ಳಿ" ಅಂದೆ.

ಅವರು ಹೌದಲ್ಲ ಎಂದು ಸಣ್ಣದನ್ನೇ ಕೊಂಡರು.

ಮನೆಗೆ ಬಂದ ಮೇಲೆ ಹೊಸ ಮಂಡೆಬಿಸಿ. ಚೀಲದ ಮುಂಭಾಗದಲ್ಲಿ ಕೋವಿಯ ತೋಟೆ ಸಿಕ್ಕಿಸುವ ಕುಣಿಕೆಗಳಿದ್ದವು. ಇದನ್ನು ಕಂಡು ಬೊಂಬಾಯಿಯ ಕಸ್ಟಮ್ಸಿನವರು ಕೋವಿ ಎಲ್ಲಿ ಎಂದು ಕೇಳಿದರೆ? ನಾನು ಬ್ಲೇಡು ಹಿಡಿದು ಒಂದೊಂದೇ ಕುಣಿಕೆ ಬಿಚ್ಚಿಕೊಟ್ಟೆ. ಆಮೇಲೆ ಭಾರ ಹೊತ್ತು ಹಗುರಾಗಿ ನಡೆಯುವ ಅಭ್ಯಾಸ. ನಮ್ಮ ಮನೆಯೆದುರಿನ ಕಾರಿಡಾರಿನಲ್ಲಿ ಅತ್ತಿಂದಿತ್ತ ನಗುತ್ತ ನಡೆಯುವುದು, ನಡುವೆ ಗುರುತಿನವರು ಸಿಕ್ಕಿದಂತೆ ನಿಂತು ಕೈಬೀಸುವುದು. ನನ್ನ ಮಗಳು ಬಾಗಿಲಲ್ಲಿ ನಿಂತು ನೋಡಿ, "ಅಂಕಲ್ ಯಾಕಮ್ಮ ಇಷ್ಟು ಹ್ಯಾಪಿ?" ಎಂದು ಕೇಳಿದಳು. ಊರಿಗೆ ಹೋಗುತ್ತಾರಲ್ಲ ಎಂದೆ. ಅದೂ ಸುಳ್ಳಲ್ಲವಲ್ಲ.

ವಿಮಾನ ನಿಲ್ದಾಣಕ್ಕೆ ನಾವೇ ಬಿಟ್ಟುಬಂದೆವು. ಪೆಟ್ಟಿಗೆ ತೂಗಿದ ಹುಡುಗಿ ಭೋಜಣ್ಣನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವರು ಅಷ್ಟಗಲ ನಕ್ಕರು. ಪಾಪ, ಅವಳೂ ನಕ್ಕು ಚೀಟಿ ಹರಿದು ಕೊಟ್ಟಳು. ಒಳಗೆ ಹೋಗುವ ಬಾಗಿಲಲ್ಲಿ ತಿರುಗಿ, ಗೆದ್ದೆ ಎಂಬಂತೆ ನಮಗೆ ಕೈಯೆತ್ತಿದರು. ಹುಣ್ಣಿಮೆಗೆ ಇನ್ನೂ ದಿನಗಳಿದ್ದವು. ಕಾರಿನಲ್ಲಿ ವಾಪಸು ಬರುವಾಗ ನಾವಿಬ್ಬರೂ ನಮ್ಮದೇ ದೋಣಿ ಕಡಲಿಗಿಳಿದಷ್ಟು ಸಂತೋಷದಲ್ಲಿದ್ದೆವು.

ರಜೆ ಮುಗಿಯಿತು, ಭೋಜಣ್ಣ ಬರಲಿಲ್ಲ. ತಾರಸಿ ಕೋಣೆಯಲ್ಲಿ ಅವರ ಮಂಚಕ್ಕೆ ಬೇರೆಯವರು ಬಂದರು, ಬಸ್ಸಿಗೆ ಬೇರೆ ಡ್ರೈವರು ಬಂದ. ಒಬ್ಬರು ಅವರಿಗೆ ಹುಷಾರಿಲ್ಲವಂತೆ ಎಂದರು, ಇನ್ನೊಬ್ಬರು ತಮ್ಮನ ದೋಣಿಯಲ್ಲಿ ಒಳ್ಳೆ ಸಂಪಾದನೆಯಂತೆ ಎಂದರು. ಅವರು ಒಯ್ದ ಕಟ್ಟುಗಳೆಲ್ಲ ಅವರವರ ಮನೆ ಸೇರಿದ್ದವು, ಅದು ಮಾತ್ರ ಖಚಿತ. ಒಂದು ಮಾತು ತಿಳಿಸಬಾರದಿತ್ತೇ ಎಂದು ನನಗೆ ಕೋಪವೂ ಬಂತು, ಬೇಜಾರೂ ಆಯಿತು.

ಮರುವರ್ಷ ನಾವು ಊರಿಗೆ ಹೋದಾಗ, ಉಡುಪಿಯ ನೆಂಟರ ಮನೆಯಿಂದ ಮಲ್ಪೆಗೆ ಹೋಗಿ ದೋಣಿಗಳು ತಂಗುವ ದಕ್ಕೆಯಲ್ಲಿ ವಿಚಾರಿಸಲು ಹೊರಟೆ. ವಿಚಾರಿಸುವುದೇ ಬೇಕಿರಲಿಲ್ಲ. ದೂರದಿಂದಲೇ ಆ ನಗು ಕಂಡಿತು. ಬೆನ್ನ ಮೇಲೆ ಅದೇ ಹಸಿರು ಚೀಲ, ಮಂಜುಗಡ್ಡೆ ಹಾಕಿದ ಮೀನು ತುಂಬಿ ನೀರು ತೊಟ್ಟಿಕ್ಕುತ್ತಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಮೈ ಮಾತ್ರ ಕರ್ರಗೆ ಸುಟ್ಟುಹೋಗಿತ್ತು.

ಮೋಟರು ಸರಿಯಾಯಿತಾ ಎಂಬುದೇ ನನ್ನ ಮೊದಲ ಪ್ರಶ್ನೆ. ಸರಿಯಾಗಿರಲಿಲ್ಲ. ಜಯನದ್ದು ಸಣ್ಣ ಮೋಟರು. ಇವರು ಒಯ್ದ ಪಾದ ಅದಕ್ಕಿಂತ ದೊಡ್ಡ ಮೋಟರಿನದು, ಯಾವ ಬೋಲ್ಟೂ ಕೂರಲಿಲ್ಲ. ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬದಲಿಸಿಕೊಡುವವರನ್ನು ಹುಡುಕುತ್ತ ಮಂಗಳೂರು, ಕಾರವಾರ, ಗೋವೆ ಎಂದು ಅಲೆದರಂತೆ. ಅಷ್ಟರಲ್ಲಿ ಹುಣ್ಣಿಮೆ ಕಳೆದು ದೋಣಿಗಳೆಲ್ಲ ಹೊರಟವು. ಜಯನ ಜನ ಕೆಲವು ದಿನ ಕಾದು ಬೇರೆ ದೋಣಿ ಹತ್ತಿದರು. ಗೋವೆಯಲ್ಲಿ ಸರಿಯಾದ ಪಾದ ಸಿಕ್ಕಿ ಇವರು ಮನೆಗೆ ಬಂದಾಗ ಮೋಟರಿತ್ತು, ದೋಣಿಯಿತ್ತು, ಜನರಿರಲಿಲ್ಲ. ಆ ಜಾಗಕ್ಕೆ ಭೋಜಣ್ಣನೇ ಇಳಿದರು. ಹಾಗೆ ರಜೆ ದಾಟಿತು, ವೀಸಾವೂ ಹೋಯಿತು.

ಅಷ್ಟು ಶುಕ್ರವಾರ ಚೀಲದ ಅಳತೆಗೆ ತಲೆಕೆಡಿಸಿಕೊಂಡ ನಮ್ಮಲ್ಲಿ ಯಾರೊಬ್ಬರೂ ಒಳಗಿನದರ ಅಳತೆ ಕೇಳಿರಲಿಲ್ಲ. ಮಾತು ಬದಲಿಸಲು ಮಕ್ಕಳ ಫ್ರಾಕಾದರೂ ಸರಿಯಾಯಿತಾ ಎಂದು ಕೇಳಿದೆ.

"ಇಲ್ಲ ಅಕ್ಕ, ಸಣ್ಣದಾಯ್ತು. ನಾನು ಎಣಿಸಿದ್ದಕ್ಕಿಂತ ಜಾಸ್ತಿ ಬೆಳೆದಿದ್ರು. ಹೆಗಲಲ್ಲೇ ನಿಂತಿತು" ಎಂದರು. ಆಮೇಲೆ ಅವರೇ ಹೇಳಿದರು, "ಅವತ್ತು ನೀವು ಹೇಳಿದ್ರಿ, ಚೀಲ ಬೆಳೆಯುದಿಲ್ಲ ಅಂತ. ಮೋಟರೂ ಬೆಳೆಯುದಿಲ್ಲ ನೋಡಿ. ಅದು ನನಗೆ ಹೊಳೀಲೇ ಇಲ್ಲ."

ನಮ್ಮವರು ಬಹರೈನಿನಲ್ಲಿ ಯಾರಿಗಾದರೂ ಹೇಳಿ ಇನ್ನೊಂದು ವೀಸಾ ನೋಡುತ್ತಾರೆ ಎಂದೆ. ನೋಡುವ ಎಂದರು, ಬೇಕು ಅಂದದ್ದೋ ಬೇಡ ಅಂದದ್ದೋ ತಿಳಿಯಲಿಲ್ಲ. ಆಗ ದಕ್ಕೆಯ ಕೆಳಗಿನಿಂದ ಅವರ ದೊಡ್ಡ ಮಗಳು ಊಟದ ಬುತ್ತಿ ಹಿಡಿದು ಬಂದಳು. ಭೋಜಣ್ಣ ಸೊಂಟದ ಬೆಲ್ಟು ಬಿಚ್ಚಿ, ಚೀಲವನ್ನು ನೆಲಕ್ಕಿಳಿಸಿ, ಅವಳನ್ನು ಎಳೆದು ನನ್ನ ಪಕ್ಕ ನಿಲ್ಲಿಸಿದರು. ತಲೆ ನನ್ನ ಕಿವಿಯವರೆಗೆ ಬರುತ್ತಿತ್ತು. ಅವಳ ನೆತ್ತಿಯ ಮೇಲೆ ಕೈಯಿಟ್ಟು, ಇಷ್ಟು ನೋಡಿ ಅಕ್ಕ ಎಂದರು.

ಅದೇ ನಾನು ಅವರನ್ನು ಕೊನೆಯದಾಗಿ ಕಂಡದ್ದು. ಮತ್ತೆ ಒಂದೆರಡು ಸಲ ಮಲ್ಪೆಗೆ ಹೋದರೂ ಅವರು ಕಡಲಲ್ಲಿದ್ದರು, ಸಿಗಲಿಲ್ಲ. ಅವರು ನೆನಪಾದಾಗಲೆಲ್ಲ ನನಗೆ ಒಂದೇ ಗೊಂದಲ. ಅಂದು ಚೀಲ ಕೆಳಗಿತ್ತು, ಬೆನ್ನ ಮೇಲೆ ಏನೂ ಇರಲಿಲ್ಲ. ಆದರೂ ಭೋಜಣ್ಣ ನಗುತ್ತಲೇ ಇದ್ದರು.